ಟೇಲರ್ ಬಾಯಿಯ ಪೆಟ್ರೋಲ್ ವಿಮಾನ

ಹೆಣ್ಣುಮಗಳು ಹೊಲಿಗೆ ಮಷೀನು ಬಿಚ್ಚಿ ಜೋಡಿಸಿದರೆ ಊರು ಸುಮ್ಮನಿರುತ್ತದೆ. ಅದೇ ಕೈಯಲ್ಲಿ ಪೆಟ್ರೋಲ್ ಎಂಜಿನ್ ಹಿಡಿದರೆ ಊರೆಲ್ಲ ಅಂಗಡಿ ಮುಂದೆ ಬಂದು ನಿಲ್ಲುತ್ತದೆ. ಬಂದವರು ನೋಡಿ ಹೋದರೆ ಒಳ್ಳೆಯದಿತ್ತು. ಹಾಗಾಗುವುದಿಲ್ಲ, ಒಬ್ಬೊಬ್ಬರೂ ಏನಾದರೊಂದು ಎಡವಟ್ಟು ಮಾಡಿಯೇ ಹೋಗುತ್ತಾರೆ. ಅದಕ್ಕೇ ನನ್ನ ಬದುಕಿನಲ್ಲಿ ಇಂಥ ಪ್ರಸಂಗಗಳಿಗೆ ಬರಗಾಲ ಬಿದ್ದದ್ದೇ ಇಲ್ಲ.

ಇದು ಎಂಬತ್ತರ ದಶಕದ ಮಾತು. ಆಳಂದದಲ್ಲಿ ನನ್ನದೊಂದು ಟೇಲರ್ ಅಂಗಡಿ ಇತ್ತು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ ನಾನು. ಬಟ್ಟೆಗೆ ಕತ್ತರಿ ಹಾಕುವ ಮೊದಲು ಅಳತೆಯ ನಮೂನೆಯನ್ನು ಹಳೆಯ ಪೇಪರಿನಲ್ಲಿ ಕತ್ತರಿಸಿಕೊಳ್ಳುತ್ತೇವಲ್ಲ, ಆ ಪೇಪರಿನಲ್ಲೇ ಅಕ್ಷರ ಕಲಿತೆ. ಒಂದೇ ಸುದ್ದಿಯ ಅರ್ಧ ತೋಳಿನ ನಮೂನೆಯಲ್ಲಿ, ಉಳಿದರ್ಧ ಕೊರಳಿನ ನಮೂನೆಯಲ್ಲಿ ಇರುತ್ತಿತ್ತು. ಎರಡನ್ನೂ ಜೋಡಿಸಿ ಓದಿದ ಮೇಲೆಯೇ ಊಟ. ಯಾರೂ ಕಲಿಸಲಿಲ್ಲ, ಆದ್ದರಿಂದ ಯಾರ ಮುಂದೆಯೂ ತಲೆ ಬಗ್ಗಿಸುವ ಪ್ರಸಂಗ ಬರಲಿಲ್ಲ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ಬೇಡವೆನಿಸಿದವರು ಮುಂದಿನದನ್ನಷ್ಟೇ ಓದಿಕೊಳ್ಳಲಿ.

ಗಾಜಿನ ಕಪಾಟು

ಊರಿನ ಹೈಸ್ಕೂಲಿಗೆ ಒಬ್ಬ ವಿಜ್ಞಾನದ ಮಾಸ್ತರರು ಬಂದಿದ್ದರು. ಶಾಲೆಯ ದುಡ್ಡಿನಲ್ಲಿ, ಹಗುರವಾದ ಕಟ್ಟಿಗೆಯಿಂದ ಒಂದು ವಿಮಾನ ಮಾಡಿದ್ದರು. ಎರಡೂ ಕೈ ಚಾಚಿದರೆ ಎಷ್ಟೋ ಅಷ್ಟು ಉದ್ದದ ರೆಕ್ಕೆ, ಮೂಗಿನ ಮೇಲೆ ಹಿಡಿಯಷ್ಟು ದೊಡ್ಡ ಪೆಟ್ರೋಲ್ ಎಂಜಿನ್, ಅದರ ಮುಂದೆ ಗಾಳಿ ಬೀಸುವ ಕಟ್ಟಿಗೆಯ ಪಂಕ. ರೆಕ್ಕೆಗೆ ತೆಳುವಾದ ರೇಷ್ಮೆ ಬಟ್ಟೆ ಹೊದಿಸಬೇಕಿತ್ತು. ಆ ಕೆಲಸ ನನ್ನ ಕೈಗೆ ಬಂತು. ಒಂದು ಸುಕ್ಕೂ ಬಾರದಂತೆ ಹೊದಿಸಿ, ನಾನೇ ಶಾಲೆಗೆ ಒಯ್ದು ಕೊಟ್ಟೆ.

ಮಾಸ್ತರರು ನನ್ನೆದುರಿಗೇ ಎಂಜಿನ್ ಚಾಲೂ ಮಾಡಲು ನಿಂತರು. ಪೆಟ್ರೋಲ್ ಹಾಕಿದರು, ಬ್ಯಾಟರಿ ಸೆಲ್ಲಿನ ವೈರು ಸಿಕ್ಕಿಸಿದರು, ಬೆರಳಿನಿಂದ ಪಂಕವನ್ನು ಜೋರಾಗಿ ತಿರುವಿದರು. ಪಂಕ ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ಒದೆಯಿತು. ಮಾಸ್ತರರು ಬೆರಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಪ್ರಯೋಗಶಾಲೆಯ ತುಂಬ ಕುಣಿದರು. ಬಹಳ ದಿನ ಎಡಗೈಯಲ್ಲಿ ಬೋರ್ಡಿನ ಮೇಲೆ ಬರೆದರು. ಅವರ ಮನೆಯವರು ಆ ಎಂಜಿನ್ನನ್ನು ಮುಟ್ಟಬಾರದೆಂದು ಆಣೆ ಹಾಕಿಸಿಕೊಂಡರಂತೆ.

ಹೆಡ್‌ಮಾಸ್ತರರು ತೀರ್ಪು ಕೊಟ್ಟರು. "ಇದನ್ನ ಗಾಜಿನ ಕಪಾಟದಾಗ ಇಟ್ಟು ಕೀಲಿ ಹಾಕ್ರಿ."

ಆ ಕಪಾಟು ನನಗೆ ಗೊತ್ತಿತ್ತು. ಬಾಟಲಿಯಲ್ಲಿ ನೆನೆಸಿಟ್ಟ ಚೇಳು, ಬಾಲ ಉದುರಿದ ಒಣ ಮುಂಗುಸಿ, ದೇಶಗಳೆಲ್ಲ ಮಾಸಿ ಹೋದ ಗ್ಲೋಬು. ಅಲ್ಲಿಗೆ ಹೋದದ್ದು ಯಾವುದೂ ಹೊರಗೆ ಬಂದಿರಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಸರ್, ಹಾರಾಕ ಮಾಡಿದ್ದನ್ನ ಸತ್ತ ಚೇಳಿನ ಬಾಜೂಕ ಇಡ್ತೀರೇನ್ರಿ? ನನಗ ಕೊಡ್ರಿ. ನಾ ಹಾರಸ್ತೇನಿ."

ಹೆಡ್‌ಮಾಸ್ತರರು ನಕ್ಕರು. "ಬಾಯಾರ, ಇದು ನೀವು ಹೊಲಿಯೋ ಜಂಪರ್ ಅಲ್ರಿ, ಎಂಜಿನ್ ಅದ."

"ಜಂಪರ್ ಆಗಿದ್ರ ನಾ ಯಾಕ ಬೇಡ್ತಿದ್ದೆ ಸರ್? ಜಂಪರ್ ನನ್ನ ಅಂಗಡ್ಯಾಗ ರಗಡ ಅವ."

ಅಲ್ಲಿದ್ದ ಮಾಸ್ತರರೆಲ್ಲ ನಕ್ಕುಬಿಟ್ಟರು. ಹೆಡ್‌ಮಾಸ್ತರರ ಮುಖ ಕೆಂಪಾಯಿತು. ಎಲ್ಲರ ಮುಂದೆ ಶರತ್ತು ಹಾಕಿದರು. "ಈ ಸಲದ ವಿಜ್ಞಾನ ಮೇಳ ಜೇವರ್ಗಿಯೊಳಗ ಅದ. ಅಲ್ಲಿ ನಿಮ್ಮ ಕೈಯಿಂದ ಚಾಲೂ ಆಗಿ, ನಿಮ್ಮ ಕೈಯಾಗ ಹಾರಿದ್ರ ವಿಮಾನ ನಿಮ್ಮದು. ಹಾರಲಿಲ್ಲಂದ್ರ ನೀವ ತಂದು ಈ ಕಪಾಟದಾಗ ಇಡಬೇಕು, ನೀವ ಕೀಲಿ ಹಾಕಬೇಕು. ಕಬೂಲೇನು?"

"ಕಬೂಲ್ರಿ," ಅಂದೆ. ಆಗ ನನಗೆ ಆ ಎಂಜಿನ್ನಿನ ಬಾಯಿ ಯಾವುದು, ಮೂಗು ಯಾವುದು ಎನ್ನುವುದೂ ಗೊತ್ತಿರಲಿಲ್ಲ.

ವಿಮಾನ ಎತ್ತಿಕೊಂಡು ಹೊರಗೆ ಬಂದಾಗ ಶಾಲೆಯ ಸಿಪಾಯಿ ಹಿಂದೆಯೇ ಓಡಿ ಬಂದ. "ಅಕ್ಕಾರ, ಹ್ಯಾಂಗರ ಮಾಡಿ ಗೆಲ್ರಿ. ಆ ಕಪಾಟ ಒರಸಾಂವ ನಾ. ಇದ್ದ ಮುಂಗಸಿನೇ ನನಗ ಸಾಕಾಗ್ಯಾದ."

ವಿಮಾನದ ಹೊಟ್ಟೆ

ಇಂಥ ಎಂಜಿನ್ನಿಗೆ ಬರೀ ಪೆಟ್ರೋಲ್ ಸಾಲದು, ಅದರೊಳಗೆ ಎಣ್ಣೆಯನ್ನೂ ಬೆರೆಸಬೇಕು. ಯಾವ ಎಣ್ಣೆ ಎಂದು ಮಾಸ್ತರರನ್ನು ಕೇಳಬಹುದಿತ್ತು. ನಾನು ಕೇಳಲಿಲ್ಲ. ನಮೂನೆ ಕತ್ತರಿಸಲು ತಂದಿದ್ದ ರದ್ದಿಯಲ್ಲಿ ಒಂದು ವಿಜ್ಞಾನ ಮಾಸಿಕದ ಹಾಳೆ ಸಿಕ್ಕಿತ್ತು. ಆಟದ ವಿಮಾನದ ಎಂಜಿನ್ನಿಗೆ ಔಡಲ ಎಣ್ಣೆ, ಅಂದರೆ ಹರಳೆಣ್ಣೆ, ಬೆರೆಸುತ್ತಾರೆ ಎಂದು ಅದರಲ್ಲಿ ಅಚ್ಚಾಗಿತ್ತು. ಅಚ್ಚಾದದ್ದನ್ನು ಸ್ವಂತ ಕಣ್ಣಿನಿಂದ ಓದಿದ ಮೇಲೆ ಇನ್ನೊಬ್ಬರನ್ನು ಯಾಕೆ ಕೇಳಬೇಕು? ನೆಟ್ಟಗೆ ಎಣ್ಣೆ ಅಂಗಡಿಯ ಚಾಚಾನ ಬಳಿಗೆ ಹೋದೆ.

"ಚಾಚಾ, ಔಡಲ ಎಣ್ಣಿ ಕೊಡ್ರಿ. ಚಲೋದು."

"ಯಾರಿಗಿ ಹೊಟ್ಟಿ ಕಟ್ಟ್ಯಾದ ಬೇಟಿ?"

"ವಿಮಾನಕ್ಕ."

ಎಣ್ಣೆ ಅಳೆಯುತ್ತಿದ್ದ ಚಾಚಾನ ಕೈ ನಿಂತಿತು. ಆದರೆ ಗಿರಾಕಿಯ ಮಾತಿಗೆ ಎದುರಾಡುವವನಲ್ಲ ಅವನು. ಬಹಳ ಕಾಳಜಿಯಿಂದ ಕೇಳಿದ. "ಎಷ್ಟ ದಿನ ಆತು?"

"ಏನು?"

"ಹೊಟ್ಟಿ ಕಟ್ಟಿ."

ನಾನು ಉತ್ತರ ಕೊಡುವಷ್ಟರಲ್ಲಿ ಒಳಗೆ ಹೆಂಡತಿಗೆ ಕೂಗಿ ಹೇಳಿದ, "ಅಜೀ ಸುನೇ ಕ್ಯಾ? ಟೇಲರ್ ಬಾಯಿಯ ವಿಮಾನಕ್ಕ ಔಡಲ ಎಣ್ಣಿ ಬೇಕಂತ!"

ಪರದೆಯ ಹಿಂದಿನಿಂದ ಚಾಚಿಯ ದನಿ ಬಂತು. "ಬಿಸಿ ಹಾಲಿನಾಗ ಕೊಡಾಕ ಹೇಳ್ರಿ. ಇಲ್ಲಂದ್ರ ವಾಂತಿ ಮಾಡ್ಕೋತದ."

ಅಂಗಡಿಗೆ ಬಂದು ಬಾಟಲಿಯಲ್ಲಿ ಎರಡನ್ನೂ ಸೇರಿಸಿ ಕುಲುಕಿದೆ, ಎಂಜಿನ್ನಿನ ಟಾಕಿಗೆ ಸುರಿದೆ, ಪಂಕ ತಿರುವಿದೆ. ಎಂಜಿನ್ ಕೆಮ್ಮಿತು. ಮತ್ತೆ ತಿರುವಿದೆ, ಮತ್ತೆ ಕೆಮ್ಮಿತು. ಇನ್ನೊಮ್ಮೆ ಬಲವಾಗಿ ತಿರುವಿದ್ದೇ ತಡ, ಹೊಗೆ ಬಿಡುವ ತೂತಿನಿಂದ ಗಟ್ಟಿ ಕರಿ ಎಣ್ಣೆ ಚಿಮ್ಮಿ, ಎದುರಿಗೆ ಕೊಕ್ಕೆಗೆ ಹಾಕಿದ್ದ ಮದುಮಗನ ಸಫಾರಿ ಅಂಗಿಯ ಮೇಲೆ ಬಿತ್ತು. ಬಾಟಲಿ ಎತ್ತಿ ನೋಡಿದೆ. ಎಣ್ಣೆ ಕಾಕಂಬಿಯ ಹಾಗೆ ತಳದಲ್ಲಿ ಕೂತಿತ್ತು, ಪೆಟ್ರೋಲ್ ಅದಕ್ಕೂ ತನಗೂ ಸಂಬಂಧವೇ ಇಲ್ಲದಂತೆ ಮೇಲೆ ನಿಂತಿತ್ತು. ಆ ಹಾಳೆಯಲ್ಲಿ ಬರೆದದ್ದು ಪೆಟ್ರೋಲ್ ಕುಡಿಯದ ಬೇರೆ ನಮೂನೆಯ ಎಂಜಿನ್ನಿನ ವಿಚಾರ ಎಂದು ಆಮೇಲೆ ತಿಳಿಯಿತು. ಹಾಳೆಯಲ್ಲಿದ್ದದ್ದು ಸುಳ್ಳಲ್ಲ, ನಾನು ಓದಿದ್ದೂ ತಪ್ಪಲ್ಲ. ನನ್ನ ಎಂಜಿನ್ನೇ ಬೇರೆ ಜಾತಿಯದು. ಮೊಪೆಡ್ ರಿಪೇರಿಯವರು ಪೆಟ್ರೋಲಿಗೆ ಬೆರೆಸುವ ಎಣ್ಣೆ ತಂದೆ, ಅದು ಸರಿಹೋಯಿತು. ಮದುಮಗನಿಗೆ ಬೇರೆ ಅಂಗಿ ಹೊಲಿದು ಕೊಟ್ಟೆ.

ಮರುದಿನ ಚಾಚಾ ರಸ್ತೆಯ ಆಚೆಯಿಂದಲೇ ಕೂಗಿ ಕೇಳಿದ. "ಬೇಟಿ, ವಿಮಾನದ ತಬಿಯತ್ ಹ್ಯಾಂಗದ?"

"ವಾಂತಿ ಮಾಡ್ಕೊಂತು ಚಾಚಾ."

ಚಾಚಾ ತಲೆ ಅಲ್ಲಾಡಿಸಿದ. "ಹಾಲಿನಾಗ ಕೊಟ್ಟಿಲ್ಲ ನೀ."

ಗಿರಣಿ

ಎಂಜಿನ್ ಮಾಸ್ತರರನ್ನು ಯಾಕೆ ಒದೆಯಿತು ಎಂದು ಯೋಚಿಸುತ್ತ ಕೂತಾಗ ಒಂದು ಸಣ್ಣ ಕಡ್ಡಿ ಕಣ್ಣಿಗೆ ಬಿತ್ತು. ಒಳಗೆ ಕಿಡಿ ಹಾರುವ ಗಳಿಗೆಯನ್ನು ಹಿಂದೆ ಮುಂದೆ ಮಾಡುವ ಕಡ್ಡಿ ಅದು. ಚಾಲೂ ಮಾಡುವಾಗ ಹಿಂದಕ್ಕೆ ಎಳೆದಿರಬೇಕು, ಚಾಲೂ ಆದ ಮೇಲೆ ಮುಂದಕ್ಕೆ ತಳ್ಳಬೇಕು. ಇನ್ನೊಂದು, ಪೆಟ್ರೋಲ್ ಎಷ್ಟು ಬಿಡಬೇಕೆಂದು ಹೇಳುವ ತಿರುಪು, ಅದರ ತುದಿಯಲ್ಲಿ ಒಂದು ಸೂಜಿ. ಸೂಜಿಯ ವಿಚಾರ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ದರ್ಜಿಗಳು ಬೆರಳಿಗೆ ಹಾಕಿಕೊಳ್ಳುವ ಲೋಹದ ಟೊಪ್ಪಿಗೆ, ನಾವು ಅದಕ್ಕೆ ಅಂಗುಸ್ತಾನ ಅನ್ನುತ್ತೇವೆ, ಅದನ್ನು ಬೆರಳಿಗೆ ಏರಿಸಿದೆ. ಅದರ ಮೇಲೆ ಬಟ್ಟೆ ಸುತ್ತಿದೆ. ಎಂಜಿನ್ನನ್ನು ಹೊಲಿಗೆ ಮಷೀನಿನ ಪಕ್ಕದ ಮೇಜಿಗೆ ಬಿಗಿದು, ಕಡ್ಡಿ ಹಿಂದಕ್ಕೆಳೆದು ಪಂಕ ತಿರುವಿದೆ. "ಟರ್ರ್" ಎಂದು ಹಿಡಿಯಿತು ನೋಡಿ, ಅಂಗಡಿಯ ಗುಂಡಿ, ಹುಕ್ಕು, ನಮೂನೆಯ ಪೇಪರು ಎಲ್ಲ ಹಾರಿ ರಸ್ತೆಗೆ ಬಿದ್ದವು. ಸೂಜಿ ಹೆಚ್ಚು ತೆರೆದರೆ ಎಂಜಿನ್ ನೆಗಡಿಯಾದವರ ಹಾಗೆ ಗೊಳಗೊಳ ಅನ್ನುತ್ತದೆ. ಬಹಳ ಮುಚ್ಚಿದರೆ ಕಿರುಚಿ ಸಾಯುತ್ತದೆ. ನಡುವೆ ಕೂದಲೆಳೆಯಷ್ಟು ಜಾಗದಲ್ಲಿ ಸ್ವಚ್ಛವಾದ ಒಂದೇ ಸ್ವರ ಇದೆ. ಅದನ್ನು ಹುಡುಕುತ್ತ ಅರ್ಧ ದಿನ ಕಳೆದೆ.

ಆ ದಿನ ಊರಲ್ಲಿ ಕರೆಂಟ್ ಇರಲಿಲ್ಲ, ಹಿಟ್ಟಿನ ಗಿರಣಿ ನಿಂತಿತ್ತು. ನಾನು ಸ್ವರ ಹಿಡಿದು ತಲೆ ಎತ್ತಿ ನೋಡುತ್ತೇನೆ, ಅಂಗಡಿ ಮುಂದೆ ಹೆಂಗಸರ ಸಾಲು. ಎಲ್ಲರ ತಲೆಯ ಮೇಲೂ ಜೋಳದ ಬುಟ್ಟಿ.

"ಏ ಅಕ್ಕಾ, ಪಾಳಿ ಎಲ್ಲಿಂದ ಹಚ್ಚೂದು?"

"ನಾ ಮೊದಲ ಬಂದೇನಿ ಬೇ, ಹಿಂದ ಸರಿ!"

"ಇದು ಗಿರಣಿ ಅಲ್ರವ್ವ," ಎಂದು ಕೂಗಿದೆ. ಯಾರು ಕೇಳುತ್ತಾರೆ? ಪಾಳಿಗಾಗಿ ಜಗಳ ಹತ್ತಿತು. ಸದ್ದು ಕೇಳಿ ಗಿರಣಿಯ ಮಾಲಕನೂ ಓಡಿ ಬಂದ. "ಬಾಯಾರ, ಊರಾಗ ಇನ್ನೊಂದ ಗಿರಣಿ ಹಾಕಾಕ ಯಾರನ್ನ ಕೇಳೀರಿ?" ಎಂದು ಏರಿ ಬಂದವನು ಎಂಜಿನ್ನನ್ನು ನೋಡಿ ತಣ್ಣಗಾದ. ಬಗ್ಗಿ ನೋಡಿದ, ಮೂಸಿ ನೋಡಿದ. "ಇಷ್ಟ ಸಣ್ಣದು ಇಷ್ಟ ಒದರತದಲ್ರಿ. ಥೇಟ್ ನಮ್ಮ ಅತ್ತಿ ಆದಂಗ ಆತು," ಎಂದು ನಗುತ್ತ ಹೋದ.

ಒಬ್ಬೊಬ್ಬರೇ ಗೊಣಗುತ್ತ ಚದುರಿದರು. ಒಬ್ಬ ಅಜ್ಜಿ ಮಾತ್ರ ಬುಟ್ಟಿ ಇಳಿಸಿಕೊಂಡು ಕೂತೇ ಇದ್ದಳು.

"ಯವ್ವಾ, ಇದು ವಿಮಾನದ ಎಂಜಿನ್ ಅದ," ಅಂದೆ.

"ಇರವಲ್ದ್ಯಾಕ ತಂಗಿ. ವಿಮಾನದಾಗ ಬೀಸಿದ್ರೂ ನಡೀತದ. ರೊಟ್ಟಿ ಆದ್ರ ಸಾಕು ನನಗ."

ಭೀಮೆಯ ದಂಡೆ

ಎಂಜಿನ್ ಚಾಲೂ ಆಗುವುದು ಒಂದು, ವಿಮಾನ ಹಾರಿಸುವುದು ಇನ್ನೊಂದು. ಈ ವಿಮಾನ ಬಿಟ್ಟ ಹಾಗೆ ಆಕಾಶಕ್ಕೆ ಹೋಗುವಂಥದ್ದಲ್ಲ. ಅದರ ರೆಕ್ಕೆಯಿಂದ ಎರಡು ಉದ್ದ ತಂತಿಗಳು ಬಂದು ಒಂದು ಹಿಡಿಕೆಗೆ ಸೇರುತ್ತವೆ. ಹಿಡಿಕೆ ಹಿಡಿದು ನಡುವೆ ನಿಂತರೆ ವಿಮಾನ ನಮ್ಮ ಸುತ್ತ ಸುತ್ತುತ್ತದೆ, ಅದರ ಜೊತೆ ನಾವೂ ತಿರುಗಬೇಕು. ಹಿಡಿಕೆ ಓರೆ ಮಾಡಿದರೆ ಅದು ಏರುತ್ತದೆ, ಇಳಿಯುತ್ತದೆ. ನಿಲ್ಲಿಸಲು ಗುಂಡಿ ಗಿಂಡಿ ಏನೂ ಇಲ್ಲ. ಪೆಟ್ರೋಲ್ ಮುಗಿದಾಗ ಅದೇ ಇಳಿಯುತ್ತದೆ. ಅಲ್ಲಿಯವರೆಗೆ ತಿರುಗುತ್ತಲೇ ಇರಬೇಕು.

ಅಷ್ಟರಲ್ಲಿ ವಿಜ್ಞಾನದ ಮಾಸ್ತರರಿಗೆ ಅಫಜಲಪುರಕ್ಕೆ ವರ್ಗವಾಗಿತ್ತು. ಎಂಜಿನ್ ಮುಟ್ಟುವುದಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟಿದ್ದರು, ಆದರೆ ಹಾರಿಸುವುದನ್ನು ಹೇಳಿಕೊಡುವುದಿಲ್ಲ ಎಂದೇನೂ ಕೊಟ್ಟಿರಲಿಲ್ಲ. ಬಿಡುವು ಸಿಕ್ಕಾಗಲೆಲ್ಲ ಬಸ್ಸು ಹತ್ತಿ ಅಲ್ಲಿಗೆ ಹೋದೆ.

"ಬಾಯಾರ, ಮೊದಲ ತಲಿ ತಿರಗಬಾರದು. ಅದನ್ನ ರೂಢಿ ಮಾಡ್ಕೊಳ್ರಿ," ಎಂದರು. ಬೆಳಿಗ್ಗೆ ಭೀಮಾ ನದಿಯ ದಂಡೆಯ ಬಯಲಿನಲ್ಲಿ, ಹಗ್ಗಕ್ಕೆ ಕಲ್ಲಿನ ಗಂಟು ಕಟ್ಟಿ, ಸೀರೆಯ ಕಚ್ಚೆ ಹಾಕಿ, ಸುತ್ತಲು ಸುರು ಮಾಡಿದೆ. ಮಾಸ್ತರರು ಪಕ್ಕದಲ್ಲಿ ನಿಂತು "ಕಣ್ಣು ಗಂಟಿನ ಮ್ಯಾಲ, ಕಣ್ಣು ಗಂಟಿನ ಮ್ಯಾಲ" ಎಂದು ಮಂತ್ರದ ಹಾಗೆ ಹೇಳುತ್ತಿದ್ದರು. ತುರುಬು ಬಿಚ್ಚಿ ಕೂದಲು ಹರಡಿದ್ದು ನನಗೆ ತಿಳಿಯಲೇ ಇಲ್ಲ.

ನದಿಯಲ್ಲಿ ಬಟ್ಟೆ ಒಗೆಯಲು ಬಂದ ಹೆಂಗಸರು ಇದನ್ನು ಕಂಡರು. ನಾನು ನಿಂತಾಗ ನಾಲ್ಕಾರು ಮಂದಿ ಕೈ ಮುಗಿದು ಸುತ್ತ ಕೂತಿದ್ದರು. ಒಬ್ಬಾಕೆ ಮಾಸ್ತರರನ್ನು ಪಿಸುಗುಟ್ಟಿ ಕೇಳಿದಳು. "ಪೂಜಾರಿ ನೀವೇನ್ರಿ?"

ಇನ್ನೊಬ್ಬಾಕೆ ನನ್ನ ಪಾದ ಹಿಡಿದೇಬಿಟ್ಟಳು. "ತಾಯಿ, ನನ್ನ ಎಮ್ಮಿ ಮೊನ್ನೆಯಿಂದ ಕಾಣವಲ್ದು. ಯಾವ ದಿಕ್ಕಿಗಿ ಅದ ಹೇಳು."

"ಯವ್ವಾ, ನನಗ ಯಾವ ದೇವಿನೂ ಬಂದಿಲ್ಲ. ತಲಿ ತಿರಗಾಕತ್ತ್ಯಾದ, ಬಿಡು!"

"ಮೊದಲ ಎಲ್ಲಾ ದೇವಿಗೋಳೂ ಹಂಗ ಅಂತಾವ," ಎಂದು ಮೂರನೆಯಾಕೆ ಸಮಾಧಾನ ಹೇಳಿದಳು.

ಬೀಳದಂತೆ ಏನಾದರೂ ಹಿಡಿದುಕೊಳ್ಳೋಣವೆಂದು ಕೈ ಚಾಚಿದೆ. ಅದನ್ನೇ ದಿಕ್ಕು ಎಂದುಕೊಂಡು ಎಮ್ಮೆಯವಳು ಎದ್ದು ಓಡಿದಳು. ನನ್ನ ಕೆಟ್ಟ ನಸೀಬು ನೋಡಿ, ಎಮ್ಮೆ ಅಲ್ಲೇ ಜಾಲಿ ಕಂಟಿಯ ಹಿಂದೆ ಮೆಲುಕು ಹಾಕುತ್ತ ನಿಂತಿತ್ತು.

ಮರುದಿನ ಬೆಳಿಗ್ಗೆ ನಾವು ಹೋಗುವ ಮೊದಲೇ ದಂಡೆಯಲ್ಲಿ ಹಣ್ಣುಕಾಯಿಯ ಬುಟ್ಟಿಗಳು ಸಾಲಾಗಿ ಕೂತಿದ್ದವು. ಎಲ್ಲಕ್ಕಿಂತ ಮುಂದೆ ಕೂತಿದ್ದ ಮುದುಕಿ ಅವಸರ ಮಾಡಿದಳು.

"ಲಗೂನ ತಿರುಗು ತಾಯಿ. ಎಮ್ಮಿ ಸಿಕ್ತಲ್ಲ, ಈಗ ನಮ್ಮ ಅಳಿಯ ಓಡಿ ಹೋಗ್ಯಾನ."

ತೊಡೆಯ ಮೇಲೆ

ಮೇಳದ ದಿನ ವಿಮಾನ ಎತ್ತಿಕೊಂಡು ಗುಲಬರ್ಗಾದಲ್ಲಿ ಜೇವರ್ಗಿಯ ಬಸ್ಸು ಹತ್ತಿದೆ. ಕಂಡಕ್ಟರ್ ಬಾಗಿಲಲ್ಲೇ ತಡೆದ.

"ಇದೇನ್ರಿ ಬಾಯಿ?"

"ವಿಮಾನ."

"ಸ್ವಂತ ವಿಮಾನ ಇಟ್ಕೊಂಡು ಬಸ್ಸಿಗಿ ಯಾಕ ಬರ್ತೀರಿ?"

"ಜೇವರ್ಗಿಯೊಳಗ ಹಾರಿದ್ರ ಸ್ವಂತದ್ದು ಆಗತದ. ಅಲ್ಲೀತನ ನಿಮ್ಮ ಬಸ್ಸೇ ಗತಿ. ಸರೀರಿ ಆ ಕಡೆ."

ಬಸ್ಸಿನ ತಲೆ ಮೇಲಿನ ಟಪ್ಪಿಗೆ ಹಾಕಿ ಎಂದ. ನಾನು ಒಪ್ಪಲಿಲ್ಲ. ಬಸ್ಸಿನವರೆಲ್ಲ ನನ್ನ ಪರವೂ ಅವನ ಪರವೂ ಆಗಿ ವಾದ ಮಾಡಿ ಸುಸ್ತಾದ ಮೇಲೆ, ಕಿಟಕಿಯ ಬದಿ ಕೂತಿದ್ದ ಇಜೇರಿ ಊರಿನ ಮುದುಕನೊಬ್ಬ "ತಾ ಇಲ್ಲಿ ತಂಗಿ" ಎಂದು ವಿಮಾನವನ್ನು ತೊಡೆಯ ಮೇಲೆ ಇಟ್ಟುಕೊಂಡ. ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ಎದೆಗವಚಿಕೊಂಡ. ಬಿಸಿಲು ಬಿದ್ದರೆ ಟವೆಲ್ಲು ಮರೆ ಮಾಡಿದ. ಬಾಣಂತನದ ಕೂಸಿಗೂ ನಮ್ಮ ಕಡೆ ಅಷ್ಟು ಉಪಚಾರ ಸಿಗುವುದಿಲ್ಲ.

ಜೇವರ್ಗಿಯಲ್ಲಿ ಇಳಿದು ಕೈ ಮುಗಿದೆ. ಮುದುಕ ಸಂತೋಷದಿಂದ ಹೇಳಿದ. "ನನ್ನ ಮೊಮ್ಮಗನಿಗಿಂತ ಶಾಣ್ಯಾ ಅದ. ದಾರಿ ತುಂಬ ತೊಡಿ ಮ್ಯಾಲ ಕೂತ್ರೂ ಒಂದ ಹನಿ ಹೊಯ್ಯಲಿಲ್ಲ."

ಅವನ ಧೋತರದ ಮೇಲೆ ಟಾಕಿಯಲ್ಲಿ ಉಳಿದಿದ್ದ ಪೆಟ್ರೋಲ್ ಎಣ್ಣೆಯ ದೊಡ್ಡ ಕಲೆ ನನಗೆ ಕಾಣುತ್ತಿತ್ತು. ಅಷ್ಟು ಸಂತೋಷವನ್ನು ಹಾಳು ಮಾಡಲು ಮನಸ್ಸಾಗಲಿಲ್ಲ.

"ಕಾಕಾ," ಅಂದೆ, "ಮನಿ ಮುಟ್ಟೂತನ ಬೀಡಿ ಮಾತ್ರ ಹಚ್ಚಬ್ಯಾಡ್ರಿ."

ನಡುವೆ ನಿಂತವರು

ಜೇವರ್ಗಿಯ ಮೈದಾನದಲ್ಲಿ ಪೆಂಡಾಲು ಹಾಕಿದ್ದರು. ವೇದಿಕೆ, ಮೈಕು, ಮಾಲೆ, ಶಾಲು, ಎಲ್ಲ ಸಜ್ಜಾಗಿತ್ತು. ಆಳಂದದ ಹೆಡ್‌ಮಾಸ್ತರರು ಗಂಜಿ ಹಾಕಿ ಇಸ್ತ್ರಿ ಮಾಡಿದ ಧೋತರ ಉಟ್ಟು, ಕಪಾಟಿನ ಕೀಲಿಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಬಂದಿದ್ದರು. ನನ್ನನ್ನು ಕಂಡ ಕೂಡಲೇ ಅದನ್ನು ಗಲಗಲ ಅನ್ನಿಸಿದರು.

"ಬಾಯಾರ, ಮುಂಗಸಿ ಬಾಜೂಕ ಜಾಗಾ ಮಾಡಿ ಬಂದೇನಿ."

"ಆ ಜಾಗಾದಾಗ ಮುಂಗಸಿ ಬಾಲ ಹುಡಿಕಿ ಇಡ್ರಿ ಸರ್," ಅಂದೆ.

ಅಫಜಲಪುರದಿಂದ ಬಂದಿದ್ದ ವಿಜ್ಞಾನದ ಮಾಸ್ತರರೂ ನಾನೂ ಮೈದಾನದ ನಡುವೆ ತಂತಿ ಬಿಚ್ಚುತ್ತಿದ್ದೆವು. ವಿಮಾನ ವೇದಿಕೆಯ ಮುಂದೆ ಮೇಜಿನ ಮೇಲಿತ್ತು. ನಮ್ಮ ಕಡೆ ಹೊಸ ಟ್ರ್ಯಾಕ್ಟರ್ ಬರಲಿ, ಪಂಪ್‌ಸೆಟ್ ಬರಲಿ, ಪೂಜೆ ಆಗದೆ ಚಾಲೂ ಮಾಡುವುದಿಲ್ಲ. ಮೇಳದ ಅಧ್ಯಕ್ಷರು ಭಕ್ತಿವಂತರು. ನಾವು ಇತ್ತ ಇರುವಾಗ ಅವರೇ ಎಂಜಿನ್ನಿಗೆ ವಿಭೂತಿ ಬಳಿದು, ಕುಂಕುಮ ಏರಿಸಿದರು. ಹೂವು ಎಲ್ಲಿಟ್ಟರೂ ಜಾರುತ್ತಿತ್ತಂತೆ. ಹುಡುಕಿದಾಗ ಹೂವಿಗೆಂದೇ ಮಾಡಿಸಿದಂಥ ಒಂದು ತೂತು ಸಿಕ್ಕಿತು. ಅದು ಎಂಜಿನ್ ಉಸಿರಾಡುವ ಬಾಯಿ. ದಾಸವಾಳದ ಹೂವನ್ನು ತೊಟ್ಟಿನ ಸಮೇತ ಅದರೊಳಗೆ ತುರುಕಿ, ಮೇಲೆ ಕಾಯಿ ಒಡೆದು ನೀರು ಬಿಟ್ಟರು.

ಒಳಗೆ ನೀರು, ಕುಂಕುಮ ಇಳಿದದ್ದು ನನಗೆ ತಿಳಿಯದು. ಹೂವು ತೆಗೆದು ಪಕ್ಕಕ್ಕಿಟ್ಟೆ, ಅಂಗುಸ್ತಾನ ಹಾಕಿದೆ, ಕಡ್ಡಿ ಹಿಂದಕ್ಕೆಳೆದು ಪಂಕ ತಿರುವಿದೆ. ಎಂಜಿನ್ ಒಂದು ಸೀನು ಸೀನಿತು. ವಿಭೂತಿ, ಕುಂಕುಮ, ಕಾಯಿನೀರು ಎಲ್ಲ ಕೂಡಿ ಅಧ್ಯಕ್ಷರ ಬಿಳಿ ಅಂಗಿಗೆ ಅಭಿಷೇಕವಾಯಿತು. ಜನ "ಪ್ರಸಾದ! ಪ್ರಸಾದ!" ಎಂದು ಕೂಗಿದರು. ಕೀಲಿ ಮತ್ತೆ ಗಲಗಲ ಅಂದಿತು.

ಮೈಕಿನವನು ಸುಮ್ಮನಿರಬೇಕಲ್ಲ. "ತಾಂತ್ರಿಕ ಕಾರಣದಿಂದ ವಿಮಾನ ತಡ ಆಗ್ಯಾದ, ಪ್ರಯಾಣಿಕರು ಸಹಕರಿಸಬೇಕು," ಎಂದು ಸಾರಿದ.

ನಾನು ಮೇಜಿನ ಮುಂದೆ ಕೂತುಬಿಟ್ಟೆ. ಕಿಡಿ ಹಾರಿಸುವ ಪ್ಲಗ್ಗು ಬಿಚ್ಚಿ ಸೆರಗಿನಲ್ಲಿ ಒರೆಸಿದೆ. ಉಸಿರಿನ ಬಾಯಿಗೆ ಪೆಟ್ರೋಲ್ ಹಾಕಿ ತೊಳೆದು ಊದಿದೆ. ಸೂಜಿ ಬಿಚ್ಚಿ ಅದರ ಮೂತಿಯ ಕುಂಕುಮ ತೆಗೆದೆ. ಹಿಂದಿನಿಂದ ಯಾರೋ "ಮನೀಗಿ ಹೋಗಿ ಗುಂಡಿ ಹಚ್ಚಬೇ" ಎಂದ. "ನಿನ್ನ ಬಾಯಿಗೇ ಹಚ್ತೇನಿ, ಬಾಲೇ ಮುಂದ," ಎಂದೆ. ಬರಲಿಲ್ಲ. ಎಲ್ಲ ಜೋಡಿಸಿ ಮತ್ತೆ ತಿರುವಿದೆ. ಒಂದು ಕೆಮ್ಮು. ಮತ್ತೆ ತಿರುವಿದೆ. ಟರ್ರ್ ಎಂದು ಹಿಡಿಯಿತು! ಕಡ್ಡಿ ಮುಂದಕ್ಕೆ ತಳ್ಳಿ, ಸೂಜಿ ತಿರುವಿ ಆ ಸ್ವಚ್ಛ ಸ್ವರ ಹಿಡಿದೆ. ಟಾಕಿಯನ್ನು ಕಂಠಮಟ್ಟ ತುಂಬಿದೆ. ಮಾಸ್ತರರು ವಿಮಾನವನ್ನು ಬಾಲದ ಕಡೆ ಹಿಡಿದು ದೂರದಲ್ಲಿ ನಿಂತರು, ನಾನು ನಡುವೆ ಬಂದು ಹಿಡಿಕೆ ಹಿಡಿದೆ.

ಆಗ ಹೆಡ್‌ಮಾಸ್ತರರು ದುಡುದುಡು ನಡೆದು ನನ್ನ ಪಕ್ಕಕ್ಕೇ ಬಂದು ನಿಂತರು. "ಹಿಡಿಕಿ ಖರೇನ ನಿಮ್ಮ ಕೈಯಾಗೇ ಇರತದೋ ಇಲ್ಲೋ, ನಾ ಇಲ್ಲೇ ನಿಂತು ನೋಡಾಂವ."

"ಸರ್, ಇಲ್ಲಿ ನಿಂದರಬ್ಯಾಡ್ರಿ. ಒಮ್ಮಿ ಬಿಟ್ರ ಹೊರಗ ಹೋಗಾಕ ದಾರಿ ಇರೂದಿಲ್ಲ."

"ನನ್ನ ಹೆದರಸಬ್ಯಾಡ್ರಿ. ಶರತ್ತು ಅಂದ್ರ ಶರತ್ತು."

ನಾನು ಮಾಸ್ತರರಿಗೆ ಕೈ ಮಾಡಿದೆ. ವಿಮಾನ ನೆಲದ ಮೇಲೆ ಓಡಿ, ಕುಪ್ಪಳಿಸಿ, ಎದ್ದಿತು. ಪೆಂಡಾಲಿನ ಜನವೆಲ್ಲ "ಹೋ" ಎಂದು ಎದ್ದು ನಿಂತರು. ನಾನು ತಿರುಗಿದೆ. ತಂತಿ ಹೆಡ್‌ಮಾಸ್ತರರ ಕೊರಳಿನ ಮಟ್ಟಕ್ಕೆ ಬಂತು.

"ಸರ್, ನನ್ನ ಬೆನ್ನ ಹಿಂದ ಬರ್ರಿ! ನನ್ನ ಜೋಡಿ ತಿರುಗ್ರಿ! ಇಲ್ಲಾ ಕೆಳಗ ಕೂಡ್ರಿ!"

ಕೂರಲು ಧೋತರದ ಇಸ್ತ್ರಿ ಬಿಡಲಿಲ್ಲ, ಆಮೇಲೆ ವೇದಿಕೆಗೆ ಹೋಗುವುದಿತ್ತಲ್ಲ. ನನ್ನ ಬೆನ್ನ ಹಿಂದೆ ಸೇರಿಕೊಂಡು ತಿರುಗಲು ಹತ್ತಿದರು. ನನಗೆ ಭೀಮೆಯ ದಂಡೆಯ ರೂಢಿ. ಅವರಿಗೆ ಕುರ್ಚಿಯ ರೂಢಿ. ನಾಲ್ಕು ಸುತ್ತಿಗೇ ಅವರ ತಲೆಯ ಟೊಪ್ಪಿಗೆ ಹಾರಿ ಬಿತ್ತು.

"ನಿಲ್ಲಸ್ರಿ ಬಾಯಾರ!"

"ನಿಲ್ಲಸಾಕ ಬರೂದಿಲ್ರಿ ಸರ್. ಪೆಟ್ರೋಲ್ ತೀರಬೇಕು."

"ಎಷ್ಟ ಹಾಕೀರಿ?"

"ಭರ್ತಿ!"

ಮೈಕಿನವನಿಗೆ ದೂರದಿಂದ ಏನು ಕಂಡಿತೋ. "ಈಗ ಆಳಂದದ ಹೆಡ್‌ಮಾಸ್ತರರು ಸ್ವತಃ ವಿಮಾನದ ಜೋಡಿ ಕುಣಿದು ಹುರುಪು ತುಂಬಾಕತ್ತಾರ! ಎಲ್ಲಾರೂ ಜೋರಾಗಿ ಚಪ್ಪಾಳಿ!" ಎಂದ. ಮೈದಾನಕ್ಕೆ ಮೈದಾನವೇ ತಾಳ ಹಾಕಿತು. ಡೊಳ್ಳಿನವರು ಡೊಳ್ಳು ಬಾರಿಸಿದರು. ನನ್ನ ಬೆನ್ನ ಹಿಂದಿನಿಂದ ಸಣ್ಣ ದನಿ ಕೇಳಿತು.

"ಬಾಯಾರ, ವಿಮಾನ ನಿಮ್ಮದ್ರಿ."

"ಕೇಳಸಲಿಲ್ಲ ಸರ್, ಎಂಜಿನ್ ಸದ್ದಿಗಿ."

"ವಿಮಾನ ನಿಮ್ಮದು! ಎಂಜಿನ್ ನಿಮ್ಮದು! ಕಪಾಟ ನಿಮ್ಮದು, ಬೇಕಾದ್ರ ಸಾಲಿನೂ ನಿಮ್ಮದು! ಇದನ್ನ ಮೊದಲ ಇಳಸ್ರಿ!"

ಪೆಟ್ರೋಲ್ ತನ್ನ ಹೊತ್ತಿಗೆ ತಾನು ಮುಗಿಯಿತು. ವಿಮಾನ ಮೆಲ್ಲಗೆ ತೇಲಿ ನೆಲ ಮುಟ್ಟಿ, ವೇದಿಕೆಯ ಮುಂದೆಯೇ ಹೋಗಿ ನಿಂತಿತು. ಹೆಡ್‌ಮಾಸ್ತರರು ಇಸ್ತ್ರಿಯ ಆಸೆ ಬಿಟ್ಟು ಮಣ್ಣಿನಲ್ಲಿ ಕೂತರು. ನಾನು ನಿಂತೇ ಇದ್ದೆ. ಭೂಮಿ ನನಗೂ ತಿರುಗುತ್ತಿತ್ತು, ಆದರೆ ಅದನ್ನು ಅವರಿಗೆ ತೋರಿಸುವವಳು ನಾನಲ್ಲ.

ಮುಖ್ಯ ಅತಿಥಿಗಳು ಶಾಲು ಹಿಡಿದು ಬಂದರು. ಶರತ್ತಿನ ಸುದ್ದಿ ಅವರ ಕಿವಿಗೂ ಬಿದ್ದಿತ್ತು. "ಹಂಗಾದ್ರ ಈ ವಿಮಾನ ಈಗ ಯಾರದು?" ಎಂದು ಎಲ್ಲರ ಮುಂದೆ ಕೇಳಿದರು.

ಹೆಡ್‌ಮಾಸ್ತರರಿಗೆ ಕೂತ ಮೇಲೆ ಸ್ವಲ್ಪ ಜೀವ ಬಂದಿತ್ತು. ಜೀವದ ಜೊತೆ ಹಟವೂ ಬಂದಿತ್ತು. "ಅದನ್ನ ಸಾಲಿ ಕಮಿಟಿಯೊಳಗ ಇಟ್ಟು ವಿಚಾರ ಮಾಡಬೇಕಾಗತದ್ರಿ. ತಲಿ ತಿರುಗಿದಾಗ ಆಡಿದ ಮಾತು..."

ನಾನು ಹೋಗಿ ವಿಮಾನ ಎತ್ತಿಕೊಂಡು ಬಂದು ಅವರ ಮುಂದಿಟ್ಟೆ. ಪೆಟ್ರೋಲ್ ಬಾಟಲಿಯ ಬಿರಡೆ ತೆಗೆದೆ.

"ವಿಚಾರ ಮಾಡ್ರಿ ಸರ್, ಅವಸರ ಇಲ್ಲ," ಅಂದೆ. "ಅಲ್ಲೀತನ ಇನ್ನೊಂದ ಟಾಕಿ ಹಾರಸ್ತೇನಿ. ಬರ್ರಿ, ನಡುವ ನಿಂದರ್ರಿ."

ಹೆಡ್‌ಮಾಸ್ತರರು ಕೂತಲ್ಲಿಂದಲೇ ಎರಡೂ ಕೈ ಚಾಚಿ ಕೂಗಿದರು. "ಏ ತಮ್ಮಾ, ಮೈಕ್ ತಾರೋ ಇಲ್ಲಿ, ಲಗೂನ! ವಿಮಾನ ಬಾಯಾರದು ಅಂತ ನಾನ ಸಾರತೇನಿ!"